ದಡವಿಲ್ಲದ ಗೋಡೆ

ನದಿ ಕಡಲು ಸೇರುವ ಅಳಿವೆಯ ಬಳಿ ಒಂದು ಹಳೆಯ ಬಂದರು ಪಟ್ಟಣ. ಅಲ್ಲಿನ ಮಠದಲ್ಲಿ ಅನಂತಯ್ಯ ಎಂಬ ಗುರುಗಳು ಕಾವಿ ಚಿತ್ರ ಕಲಿಸುತ್ತಿದ್ದರು.

ಹಸಿ ಸುಣ್ಣದ ಗೋಡೆಗೆ ಕೆಮ್ಮಣ್ಣು ಬಳಿದು, ಆರುವ ಮೊದಲೇ ಉಕ್ಕಿನ ಮೊಳೆಯಿಂದ ಕೆರೆಯಬೇಕು. ಕೆರೆದಲ್ಲಿ ಬಿಳಿ ಕಾಣುತ್ತದೆ. ಒಮ್ಮೆ ಕೆರೆದದ್ದನ್ನು ಅಳಿಸಲು ಬರುವುದಿಲ್ಲ.

ಪೇಟೆ ಬೀದಿಯ ಉದ್ದ ಗೋಡೆಯ ಮೇಲೆ ಊರಿನ ಕಡಲ ವೈಭವ ಬರೆಯಿರಿ ಎಂದು ಊರವರು ಕೇಳಿಕೊಂಡರು. ಶಿಷ್ಯ ವಾಮನ ಮೂರು ತಿಂಗಳು ಬರೆದ. ಕುದುರೆ ಹೊತ್ತ ಅರಬರ ಹಡಗು, ಮೆಣಸು ಹೇರಿದ ಪತ್ತೇಮಾರಿ ಹಾಯಿಹಡಗು, ಸಾಲು ಸಾಲು ಮೀನುದೋಣಿ.

ಗುರುಗಳು ಬಂದು ನೋಡಿದರು. "ದಡ ಎಲ್ಲಿ?"

"ಕಡಲಿನ ಚಿತ್ರಕ್ಕೆ ದಡ ಎಂತಕ್ಕೆ, ಗುರುಗಳೇ?"

ಗುರುಗಳು ಮಠದ ಕಡೆ ನಡೆದರು.

ಮರುದಿನ ಮೀನು ಮಾರುವ ಅಕ್ಕು ಬುಟ್ಟಿ ಇಳಿಸಿ ಗೋಡೆಯ ಮುಂದೆ, ವಾಮನನ ಪಕ್ಕ ನಿಂತಳು. ಅವಳ ಒಬ್ಬನೇ ಮಗ ಶೀನ ಕಡಲಿಗೆ ಹೋಗಿ ಆರು ದಿನವಾಗಿತ್ತು. ಗಾಳಿ ಎದ್ದ ದಿನವೇ ಜೊತೆಯ ದೋಣಿಗಳೆಲ್ಲ ಮರಳಿದ್ದವು.

"ಎಂತದು ಮಾರಾಯ, ಎಲ್ಲ ದೋಣಿಯೂ ಹೊರಗೇ ಹೊರಟಿದೆ. ಒಂದಾದರೂ ಒಳಗೆ ಬರುವುದು ಬೇಡವೋ?"

"ಹಾಗಿದ್ದರೇ ಚಂದ, ಅಮ್ಮ."

"ಚಂದವಂತೆ! ನಿನ್ನ ಹೆತ್ತವಳ ಹತ್ತಿರ ಹೋಗಿ ಹೇಳು ಆ ಚಂದವನ್ನು."

ವಾಮನ ದೋಣಿಗಳ ಸಾಲನ್ನು ಮತ್ತೊಮ್ಮೆ ನೋಡಿದ. ಗುರುಗಳನ್ನು ಕೇಳಲಿಲ್ಲ. ಗೋಡೆಯ ಒಂದು ಮೂಲೆ ಒಡೆದು, ಹೊಸ ಸುಣ್ಣ ಮೆತ್ತಿ, ಒಳಗೆ ಬರುವ ದೋಣಿಯೊಂದನ್ನು ಕೆರೆಯತೊಡಗಿದ.

"ನನ್ನ ಶೀನ ಎಡಚ," ಎಂದಳು ಅಕ್ಕು.

ವಾಮನ ದೋಣಿಯವನ ಹುಟ್ಟನ್ನು ಎಡಗೈಗೆ ಕೊಟ್ಟ.

ಅಕ್ಕು ಅದರ ಮುಂದೆ ಕೂತಳು. ಸಂಜೆಯಾದರೂ ಏಳಲಿಲ್ಲ. ಮರುದಿನವೂ ಅಲ್ಲೇ. ಕಡಲ ಕಡೆ ಹೋಗಿ ನೋಡುವುದನ್ನೇ ಬಿಟ್ಟಳು.

ಮೂರನೆಯ ದಿನ ಕೇರಿಯವರು ಓಡಿ ಬಂದರು. ಅಳಿವೆಯಲ್ಲಿ ಒಂದು ಹೆಣ ತೇಲಿಬಂದಿದೆ. ಮುಖ ಗುರುತು ಸಿಗುವುದಿಲ್ಲ. ತಾಯಿ ಬಂದು ನೋಡದೆ ಯಾರ ಹೆಸರಲ್ಲಿ ಬೆಂಕಿ ಕೊಡುವುದು?

ಅಕ್ಕು ನಕ್ಕಳು. "ಯಾರದ್ದೋ ಹೆಣಕ್ಕೆ ನಾನೆಂತಕ್ಕೆ? ನನ್ನ ಮಗ ಬಂದ. ಕಣ್ಣು ಕಾಣುವುದಿಲ್ಲವೋ ನಿಮಗೆ?"

ವಾಮನ ಮಠಕ್ಕೆ ಓಡಿದ. "ಗುರುಗಳೇ, ಮರುಗಿ ಬರೆದೆ. ಅದೇ ಅವಳನ್ನು ಕಟ್ಟಿಹಾಕಿತು. ಒಡೆದುಬಿಡಲೇ?"

"ಅವಳ ಕಣ್ಣೆದುರೇ ಅವನನ್ನು ಇನ್ನೊಮ್ಮೆ ಮುಳುಗಿಸುತ್ತೀಯಾ?"

ಗುರುಗಳು ಎದ್ದು ಬಂದರು. ಬೀದಿಯ ಮಣ್ಣಿನಲ್ಲಿ, ಅಕ್ಕುವಿನ ಪಕ್ಕದಲ್ಲಿ ಕೂತರು. ಇಬ್ಬರೂ ಗೋಡೆಯನ್ನೇ ನೋಡಿದರು.

"ಬಂದನಲ್ಲ, ಅಯ್ಯಾ?"

"ಬಂದಿದ್ದಾನೆ ತಾಯಿ. ನೀನು ದಡಕ್ಕೆ ಹೋಗದಿದ್ದರೆ ಅವನನ್ನು ಇಳಿಸಿಕೊಳ್ಳುವವರು ಯಾರು?"

ಅಕ್ಕು ಅವರ ಮುಖ ನೋಡಿದಳು. ಅವರು ಕಣ್ಣು ತಪ್ಪಿಸಲಿಲ್ಲ. ಅವಳು ಮೆಲ್ಲಗೆ ಎದ್ದಳು.

ಅಳಿವೆಯಲ್ಲಿ ಅವಳು ಮುಖದ ಬಟ್ಟೆ ಸರಿಸಲಿಲ್ಲ. ಸೊಂಟದ ಉಡಿದಾರವನ್ನು ತಡವಿ, ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅದು ಅವಳೇ ಹಾಕಿದ ಗಂಟು.

"ಹೌದು," ಎಂದಳು. ಅಂದಿನಿಂದ ಅವಳು ಮಾತಾಡಿದ್ದನ್ನು ಯಾರೂ ಕೇಳಲಿಲ್ಲ.

ಚಿತೆಯ ಬೆಂಕಿ ಆರಿದ ಮೇಲೆ ಗುರುಶಿಷ್ಯರು ಗೋಡೆಯ ಮುಂದೆ ಬಂದರು. ವಾಮನ ಮೊಳೆಯನ್ನು ಅವರ ಪಾದದ ಬಳಿ ಇಟ್ಟ.

"ಇನ್ನು ನಾನು ಬರೆಯಲಾರೆ."

ಗುರುಗಳು ಮೊಳೆ ಎತ್ತಿ ಅವನ ಕೈಯಲ್ಲಿಟ್ಟರು. "ದಡ ಬರೆ."

ವಾಮನ ಗೋಡೆಯ ಬುಡದುದ್ದಕ್ಕೂ ಸುಣ್ಣ ಮೆತ್ತಿದ. ಕೆಮ್ಮಣ್ಣು ಬಳಿದ. ಮೊಳೆ ಎತ್ತಿದ.

"ದಡದ ಮೇಲೆ ಯಾರನ್ನು ಬರೆಯಲಿ, ಗುರುಗಳೇ?"

ಅಳಿವೆಯಾಚೆ ಆ ದಿನದ ದೋಣಿಗಳು ಒಂದರ ಹಿಂದೆ ಒಂದು ಹೊರಟಿದ್ದವು. ಗುರುಗಳು ಅತ್ತ ನೋಡಿದರು.

"ಯಾರನ್ನೂ ಬೇಡ. ಇಲ್ಲಿ ಕಾದು ನಿಲ್ಲುವವರು ತಾವೇ ಬರುತ್ತಾರೆ."