ಕಂಚುಗಾರರ ಓಣಿಯ ಕೂಸು

"ಅಜ್ಜ, ತಾಯಿ ತನ್ನ ಕೂಸಿನ ಕೊರತೆಯನ್ನು ಮುಚ್ಚಿಟ್ಟರೆ ಅದೂ ಪ್ರೀತಿಯೇ ಅಲ್ಲವೇ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ತುಸು ಸಿಡುಕಿದರು. ಪ್ರೀತಿಯಲ್ಲವೆಂದು ಯಾರು ಹೇಳಿದರು, ಸುಮ್ಮನೆ ಕೂತು ಕೇಳು ಎಂದು ಕತೆ ತೆಗೆದರು.

ಒಂದೂರಿನ ಓಣಿಯ ತುಂಬ ಕಂಚುಗಾರರೇ. ಬೆಳಗಾದರೆ ಸಾಕು, ಮನೆಮನೆಯಲ್ಲೂ ಹಂಡೆ ಬಡಿಯುವ ಸದ್ದು. ಅಲ್ಲಿ ಹುಟ್ಟಿದ ಕೂಸುಗಳು ಮೊದಮೊದಲು ಬೆಚ್ಚಿಬಿದ್ದು ಅಳುತ್ತಿದ್ದವು. ಒಬ್ಬ ಕಂಚುಗಾರನ ಮಗ ಮಾತ್ರ ಹುಟ್ಟಿದ ದಿನವೇ ಆ ಗದ್ದಲದಲ್ಲಿ ಹಾಯಾಗಿ ನಿದ್ದೆ ಹೊಡೆದ. ಇವನು ಸುತ್ತಿಗೆ ಹಿಡಿದೇ ಹುಟ್ಟಿದವನೆಂದು ಓಣಿಯೆಲ್ಲ ಕೊಂಡಾಡಿತು. ತಾಯಿ ಹಿಗ್ಗಿ ಹೀರೇಕಾಯಿಯಾದಳು.

ಅಮಾವಾಸ್ಯೆಯ ದಿನ ಕಂಚುಗಾರರು ಸುತ್ತಿಗೆ ಮುಟ್ಟುವುದಿಲ್ಲ. ಸದ್ದಿಗೆ ಒಗ್ಗಿಹೋದ ಕೂಸುಗಳು ಅಂದು ನಿದ್ದೆ ಬಾರದೆ ರಚ್ಚೆ ಹಿಡಿಯುತ್ತಿದ್ದವು. ಇವನು ಎಂದಿನಂತೆಯೇ ಮಲಗಿದ್ದ. ತಾಯಿಗೆ ಸಂಶಯ ಹುಟ್ಟಿತು. ಅವನು ಎದ್ದು ಆಡುವಾಗ ಬೆನ್ನ ಹಿಂದೆ ತಟ್ಟೆ ಬೀಳಿಸಿ ನೋಡಿದಳು. ಅವನು ತಿರುಗಲಿಲ್ಲ. ಗಂಡನಿಗೆ ಹೇಳಲು ಹೋದಳು. ಮಗನನ್ನು ಎತ್ತಿ ಆಡಿಸುತ್ತಿದ್ದ ಅವನ ಮುಖ ನೋಡಿ ಬಾಯಿ ಬರಲಿಲ್ಲ.

ವರ್ಷಕ್ಕೊಮ್ಮೆ ಒಬ್ಬ ವೈದ್ಯ ಬಂದು, ಆಗತಾನೆ ನಡೆಯಲು ಕಲಿತ ಕೂಸುಗಳನ್ನು ನೋಡುತ್ತಿದ್ದ. ಕರೆದರೆ ತಿರುಗುತ್ತವೆಯೇ, ತೋರಿಸಿದ್ದನ್ನು ನೋಡುತ್ತವೆಯೇ, ತೊದಲುತ್ತವೆಯೇ ಎಂದು ವಿಚಾರಿಸುತ್ತಿದ್ದ. ಹಿಂದುಳಿದ ಕೂಸುಗಳನ್ನು ತಾಯಿಯ ಸಮೇತ ಕರೆಸಿಕೊಂಡು ಕಲಿಸುತ್ತಿದ್ದ. ಕಿವಿ ಕೇಳದವರಿಗೆ ಕೈಸನ್ನೆಯಲ್ಲೇ ಮಾತು ಕಲಿಸುತ್ತಿದ್ದ. ಇದೆಲ್ಲ ಈ ತಾಯಿಗೆ ಗೊತ್ತಿತ್ತು. ಆದರೂ ಕಿವುಡನ ತಾಯಿ ಎಂದು ಓಣಿಯವರ ಬಾಯಿಗೆ ಬೀಳಲು ಅವಳಿಂದಾಗಲಿಲ್ಲ.

ಅವಳ ಸರದಿ ಬಂತು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ವೈದ್ಯ ಹಿಂದಿನಿಂದ ಗಂಟೆ ಅಲ್ಲಾಡಿಸಿದ. ಅವಳು ಸೆರಗಿನ ಮರೆಯಲ್ಲಿ ಮಗನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದಳು. ಮಗ ತಿರುಗಿದ. ಮನೆಯಲ್ಲಿ ಬಾಯಿತುಂಬ ತೊದಲುತ್ತಾನೆ, ಹೊಸಬರೆಂದರೆ ನಾಚಿಕೆ ಎಂದೂ ಸೇರಿಸಿದಳು. ವೈದ್ಯ ನಂಬಿ ಮುಂದಿನ ಮನೆಗೆ ಹೋದ. ಸದ್ಯ, ಮಾನ ಉಳಿಯಿತು ಎಂದು ಅವಳು ನಿಟ್ಟುಸಿರುಬಿಟ್ಟಳು.

ಹುಡುಗ ಬೆಳೆದ. ಹಸಿದರೆ ಪಾತ್ರೆ ಎಸೆಯುತ್ತಿದ್ದ. ನೋವಾದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಎಲ್ಲಿ ನೋವೆಂದು ಹೆತ್ತವಳಿಗೂ ತಿಳಿಯುತ್ತಿರಲಿಲ್ಲ. ಅವನಿಗೆ ಮೀಸೆ ಮೂಡುವ ಹೊತ್ತಿಗೆ ಅವಳೇ ಕೈಹಿಡಿದು ವೈದ್ಯನ ಬಳಿಗೆ ಕರೆದೊಯ್ದಳು. ಬೆರಳು ಒತ್ತಿದ ಸಂಗತಿ ಹೇಳಿ ಕಾಲಿಗೆ ಬಿದ್ದಳು.

"ಎಳವೆಯಲ್ಲೇ ಇವನು ನನ್ನ ಕೈಗೆ ಸಿಗಬೇಕಿತ್ತು, ತಾಯಿ. ಕೈಸನ್ನೆಯ ಮಾತೂ ಬೇರೂರುವ ಕಾಲ ಕಳೆದುಹೋಗಿದೆ" ಎಂದ ವೈದ್ಯ.

ಅವಳು ಮಗನನ್ನು ಕರೆದುಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದಳು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಚೆನ್ನವೀರನಿಗೆ ತಡೆಯಲಾಗಲಿಲ್ಲ. ಆ ಹುಡುಗ ಈಗ ಹೇಗಿದ್ದಾನೆ ಎಂದು ಕೇಳಿದ.

"ಇದ್ದಾನಪ್ಪ, ತನಗೊಂದು ಹೆಸರಿದೆ ಎಂಬುದೇ ಅವನಿಗೆ ಇನ್ನೂ ಗೊತ್ತಿಲ್ಲ."