ಬೊಮ್ಮರಸನ ಕುದುರೆ ಬೆದರಿದ್ದು

"ಕೋಟೆ ಬಾಗಿಲಿನಿಂದ ಪೇಟೆಯ ತನಕ ನನ್ನ ಮುಂದೆ ಹೋಗುವ ಬಂಡಿ ಇನ್ನೂ ತಯಾರಾಗಿಲ್ಲ" ಎಂದು ಬೊಮ್ಮರಸ ದಿನಕ್ಕೆರಡು ಸಲವಾದರೂ ಹೇಳಿಕೊಳ್ಳುತ್ತಿದ್ದ. ಅವನು ಕೆಂಗಲ್ಲಿನ ದೊರೆ ಸೋಮನಾಯಕನ ಸಾರೋಟು ಹೊಡೆಯುವವನು.

ಅವನ ಮಾತು ಸುಳ್ಳೇನೂ ಅಲ್ಲ. ಯಾರಾದರೂ ದಾರಿ ಬಿಡುವುದು ತುಸು ತಡವಾದರೆ, ಪಕ್ಕದಲ್ಲಿ ಹಾಯುವಾಗ ಸಾರೋಟಿನ ಗಾಲಿಯಿಂದ ಹೊರಚಾಚಿದ ಕಬ್ಬಿಣದ ಅಚ್ಚಿನ ತುದಿಯನ್ನು ಅವರ ಗಾಲಿಗೆ ಗುದ್ದಿಸುತ್ತಿದ್ದ. ಗಾಲಿ ಮುರಿದು ಬಂಡಿ ವಾಲುತ್ತಿತ್ತು. ಬೊಮ್ಮರಸ ಒಮ್ಮೆ ಹಿಂದಿರುಗಿ ನೋಡಿ, ಮೀಸೆ ತೀಡಿಕೊಂಡು ಮುಂದೆ ಹೋಗುತ್ತಿದ್ದ. ಅರಮನೆಯ ಸಾರೋಟಿನ ಮೇಲೆ ದೂರು ಹೇಳುವ ಎದೆಗಾರಿಕೆ ಊರಲ್ಲಿ ಯಾರಿಗೂ ಇರಲಿಲ್ಲ.

ಸೋಮವಾರ ಆ ಗುದ್ದು ಮಾಚಯ್ಯನ ಪಾಲಿಗೆ ಬಂತು. ಮಾಚಯ್ಯ ಆಸ್ಥಾನದ ಮಾತುಗಾರ. ದೊರೆಯನ್ನು ನಗಿಸುವುದು ಅವನ ಕೆಲಸ. ಅವತ್ತು ಮಾತ್ರ ಅವನಿಗೆ ನಗು ಬೇಕಿರಲಿಲ್ಲ. ಮಗಳು ಹೊನ್ನಿಗೆ ಬೆಳಿಗ್ಗೆಯೇ ನೋವು ಶುರುವಾಗಿತ್ತು. ಸೂಲಗಿತ್ತಿ ಕಾಳವ್ವನನ್ನು ತನ್ನ ಬಂಡಿಯಲ್ಲಿ ಕೂರಿಸಿಕೊಂಡು ಕುಂಬಾರ ಬೀದಿಯಲ್ಲಿ ಎತ್ತುಗಳನ್ನು ಓಡಿಸುತ್ತಿದ್ದ.

ಹಿಂದಿನಿಂದ ಕೂಗು ಕೇಳಿತು. "ದಾರಿ ಬಿಡಯ್ಯಾ."

"ಹೆರಿಗೆಗೆ ಹೊರಟಿದ್ದೀವಿ ಬೊಮ್ಮರಸರೇ. ಆ ಬೇವಿನಮರದ ಹತ್ತಿರ ರಸ್ತೆ ಅಗಲವಾಗುತ್ತೆ, ಅಲ್ಲಿ ಬಿಡ್ತೀನಿ."

ಹೇಳಿದಂತೆಯೇ ಬೇವಿನಮರದ ಬಳಿ ಎತ್ತುಗಳನ್ನು ಪಕ್ಕಕ್ಕೆಳೆದು ನಿಲ್ಲಿಸಿದ. ಎರಡು ಸಾರೋಟು ಒಟ್ಟಿಗೆ ಹೋಗುವಷ್ಟು ಜಾಗವಿತ್ತು. ಆದರೂ ಬೊಮ್ಮರಸ ಲಗಾಮನ್ನು ಬೇಕಂತಲೇ ಎಡಕ್ಕೆ ಜಗ್ಗಿದ. ಲಟಕ್ಕೆಂದು ಗಾಲಿ ಎರಡು ಹೋಳಾಯಿತು. ಕಾಳವ್ವ ಗಂಟಿನ ಸಮೇತ ಚರಂಡಿಗೆ ಉರುಳಿದಳು.

ಮಾಚಯ್ಯ ಚಾಟಿ ಹಿಡಿದುಕೊಂಡೇ ಸಾರೋಟಿನ ಹಿಂದೆ ಓಡಲು ಹೊರಟ. ಕಾಳವ್ವ ಕೆಸರು ಒರೆಸಿಕೊಳ್ಳುತ್ತಾ ಎದ್ದು ನಿಂತು, "ಜಗಳ ನಾಳೆ ಆಡುವಿಯಂತೆ, ಕೂಸು ನಾಳೆ ತನಕ ಕಾಯಲ್ಲ" ಎಂದು ಸೀರೆ ಎತ್ತಿ ಕಟ್ಟಿ ದಾಪುಗಾಲು ಹಾಕಿದಳು.

ಇಬ್ಬರೂ ಏದುಸಿರು ಬಿಡುತ್ತಾ ಮನೆ ಮುಟ್ಟಿದಾಗ ಒಳಗಿನಿಂದ ಕೂಸಿನ ಅಳು ಕೇಳುತ್ತಿತ್ತು. ತಾಯಿ, ಮಗು ಇಬ್ಬರೂ ಕ್ಷೇಮ. "ನನ್ನ ಕೈಗೆ ಬರದೆ ತಾನಾಗಿ ಬಂದ ಕೂಸು ಇದೇ ಮೊದಲು ನೋಡು" ಎಂದು ಕಾಳವ್ವ ಮುನಿಸಿಕೊಂಡಳು. ಮಾಚಯ್ಯ ಜಗಲಿಯ ಮೇಲೆ ಕೂತ.

ಸಂಜೆ ಕುಂಬಾರ ಈರಣ್ಣನ ಅಂಗಳಕ್ಕೆ ಹೋದ. ಬಂಡಿ ಮುರಿದದ್ದು ಅವನ ಮನೆಯ ಎದುರಿಗೇ. ಕಾಳವ್ವ ಸಾರೋಟಿಗೆ ಬೆನ್ನು ಮಾಡಿ ಕೂತಿದ್ದರಿಂದ ಲಗಾಮು ಜಗ್ಗಿದ್ದನ್ನು ಕಂಡಿರಲಿಲ್ಲ.

"ನೀನು ನೋಡಿದೆಯಲ್ಲ ಈರಣ್ಣ?"

"ನಾನು ಮಡಕೆ ನೋಡ್ತಿದ್ದೆ ಸ್ವಾಮಿ."

"ಅಷ್ಟು ದೊಡ್ಡ ಸದ್ದಾಯಿತಲ್ಲ?"

"ಮಡಕೆ ಬಡಿಯುವಾಗ ಕಿವಿ ಕೇಳಲ್ಲ ಸ್ವಾಮಿ."

ಪಕ್ಕದ ಮನೆಯವಳು ಆಗ ಒಲೆ ಊದುತ್ತಿದ್ದಳಂತೆ. ಎದುರುಮನೆಯವನು ಕಣ್ಣಿಗೆ ಎಣ್ಣೆ ಹಾಕಿಕೊಂಡಿದ್ದನಂತೆ. ಮಾಚಯ್ಯ ಯಾರನ್ನೂ ಬಯ್ಯಲಿಲ್ಲ. ಮುರಿದ ಗಾಲಿಯನ್ನು ಹೊತ್ತು ಮನೆಗೆ ಬಂದ.

ಮರುದಿನ ಆ ಗಾಲಿಯನ್ನು ಆಸ್ಥಾನದ ನಡುವೆ ಇಟ್ಟು ಕೈಮುಗಿದ. ನಡೆದದ್ದನ್ನೆಲ್ಲ ಕೇಳಿದ ಸೋಮನಾಯಕ ಬೊಮ್ಮರಸನನ್ನು ಕರೆಸಿದ.

ಬೊಮ್ಮರಸ ಮೊದಲೇ ಉತ್ತರ ಸಿದ್ಧಮಾಡಿಕೊಂಡಿದ್ದ. "ಬೇಕಂತ ಮಾಡಿದ್ದಲ್ಲ ಪ್ರಭು. ಇವರ ಎತ್ತನ್ನು ಕಂಡು ಕುದುರೆ ಬೆದರಿತು. ಸಾರೋಟು ನನ್ನ ಕೈಮೀರಿ ಹೋಯಿತು. ಬೇಕಂತ ಮಾಡಿದೆ ಅನ್ನೋದಕ್ಕೆ ಸಾಕ್ಷಿ ಇದ್ದರೆ ಕರೆಸಲಿ."

"ಸಾಕ್ಷಿ ಇದೆಯೇ ಮಾಚಯ್ಯ?"

"ಇಲ್ಲ ಪ್ರಭು. ಬೊಮ್ಮರಸರು ಹೇಳಿದ್ದೇ ಸರಿ ಇರಬೇಕು. ಮೂಕಪ್ರಾಣಿ, ಬೆದರಿತು. ದೂರು ಹಿಂದಕ್ಕೆ ತಗೋತೀನಿ."

ಬೊಮ್ಮರಸನ ಕೈ ಮೀಸೆಗೆ ಹೋಯಿತು.

ಮಾಚಯ್ಯ ಹೊರಡಲು ತಿರುಗಿದವನು ಮತ್ತೆ ನಿಂತ. "ಒಂದು ಅರಿಕೆ ಇದೆ. ನಾಡಿದ್ದು ರಾಣಿಯವರು ತವರಿಗೆ ಹೊರಟಿದ್ದಾರೆ. ದಾರಿ ಕೆರೆ ಏರಿಯ ಮೇಲೆ. ಒಂದು ಕಡೆ ನೀರು, ಇನ್ನೊಂದು ಕಡೆ ಆಳವಾದ ಇಳಿಜಾರು. ಆ ಹೊತ್ತಿಗೆ ಎಮ್ಮೆಗಳು ನೀರಿಗೆ ಬರುತ್ತವೆ. ನನ್ನ ಬಡಕಲು ಎತ್ತಿಗೇ ಬೆದರಿದ ಕುದುರೆ ಅಷ್ಟು ಎಮ್ಮೆ ಕಂಡರೆ ಏನು ಮಾಡುತ್ತೋ. ಬೊಮ್ಮರಸರ ಬದಲು ಬೇರೆ ಯಾರನ್ನಾದರೂ ನೇಮಿಸಿದರೆ ಒಳ್ಳೆಯದು."

ದೊರೆಯ ಮುಖ ಸಣ್ಣದಾಯಿತು. "ಹೌದಲ್ಲವೇ" ಎಂದು ಮಂತ್ರಿಯ ಕಡೆ ನೋಡಿದ. "ಬೇರೆ ಯಾರಿದ್ದಾರೆ?"

ಬೊಮ್ಮರಸನಿಗೆ ಬೆಂಕಿ ಮುಟ್ಟಿದಂತಾಯಿತು. "ಪ್ರಭು, ಇದೇನು ಮಾತು? ಹನ್ನೆರಡು ವರ್ಷ ಸಾರೋಟು ಹೊಡೆದಿದ್ದೀನಿ. ಕಿವಿಯ ಪಕ್ಕ ನಗಾರಿ ಬಾರಿಸಿದರೂ ನನ್ನ ಕುದುರೆ ಕದಲಲ್ಲ."

"ಎಮ್ಮೆ ಅಡ್ಡ ಬಂದರೆ?" ಎಂದ ಮಾಚಯ್ಯ.

"ಆನೆ ಅಡ್ಡ ಬಂದರೂ ಬೆದರಲ್ಲ. ನನ್ನ ಕಿರುಬೆರಳು ಆಡಿದ ಕಡೆಗಷ್ಟೇ ಹೋಗುತ್ತೆ."

"ನಿನ್ನೆ ಎಲ್ಲೋ ನಿಮ್ಮ ಕೈ ಜಾರಿರಬೇಕು."

"ನನ್ನ ಕೈಯೇ? ಇಷ್ಟು ವರ್ಷದಲ್ಲಿ ಲಗಾಮು ಒಂದು ಗೇಣು ಆಚೀಚೆ ಆಗಿಲ್ಲ. ನಾನು ಗುರಿಯಿಟ್ಟರೆ ಗಾಲಿ ಅಲ್ಲೇ ಹೋಗಿ ಮುಟ್ಟುತ್ತೆ."

ತಾನೇನು ಹೇಳಿದೆ ಎಂಬುದು ಬೊಮ್ಮರಸನಿಗೆ ಹೊಳೆಯುವ ಹೊತ್ತಿಗೆ ಬಾಯಿ ತೆರೆದೇ ಇತ್ತು.

"ಹಾಗಾದರೆ ನಿನ್ನೆ ಗುರಿ ಇಟ್ಟದ್ದು ಯಾವುದಕ್ಕೆ?" ಎಂದು ಸೋಮನಾಯಕ ಮೆಲ್ಲಗೆ ಕೇಳಿದ. "ಕುದುರೆ ಬೆದರುವುದು ನಿಜವಾದರೆ ಈ ಕೆಲಸ ಬಿಡು. ಬೆದರುವುದಿಲ್ಲ ಎನ್ನುವುದು ನಿಜವಾದರೆ ತಪ್ಪು ಒಪ್ಪಿಕೋ."

ಬೊಮ್ಮರಸ ಗಾಲಿಯನ್ನೊಮ್ಮೆ ನೋಡಿದ, ದೊರೆಯನ್ನೊಮ್ಮೆ ನೋಡಿದ. ಕೆಲಸ ಬಿಡುವ ಮನಸ್ಸಾಗಲಿಲ್ಲ. "ತಪ್ಪಾಯಿತು ಪ್ರಭು" ಎಂದ, ಯಾರಿಗೂ ಕೇಳಿಸದಷ್ಟು ಸಣ್ಣಗೆ.

"ಹೊಸ ಗಾಲಿ ನೀನೇ ಮಾಡಿಸಿಕೊಡು. ಇನ್ನು ಒಂದು ವರ್ಷ ಕಾಳವ್ವ ಯಾವ ಮನೆಗೆ ಹೆರಿಗೆಗೆ ಹೊರಟರೂ ಸಾರೋಟಿನಲ್ಲಿ ಕರೆದೊಯ್ದು ಬಿಡುವುದು ನಿನ್ನ ಕೆಲಸ. ಅವಳು ನಿಧಾನ ಅಂದರೆ ನಿಧಾನ, ಜೋರು ಅಂದರೆ ಜೋರು."

ಬೊಮ್ಮರಸ ತಲೆ ತಗ್ಗಿಸಿಕೊಂಡು ಹೊರಟುಹೋದ ಮೇಲೆ ಸೋಮನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಕೊರಳ ಸರ ತೆಗೆದು, "ನಿನ್ನ ಮೊಮ್ಮಗಳಿಗೆ" ಎಂದು ಮಾಚಯ್ಯನ ಕೈಗಿಟ್ಟ. "ಅಲ್ಲಯ್ಯಾ, ಸಾಕ್ಷಿ ಇಲ್ಲ ಎಂದು ನನಗೇ ಸುಳ್ಳು ಹೇಳಿದೆಯಲ್ಲ?"

"ಸುಳ್ಳಲ್ಲ ಪ್ರಭು, ಆಗ ಇರಲಿಲ್ಲ" ಎಂದ ಮಾಚಯ್ಯ. "ಈ ಊರಲ್ಲಿ ಬೊಮ್ಮರಸರಿಗೆ ಹೆದರದವರು ಬೊಮ್ಮರಸರೊಬ್ಬರೇ. ಅವರು ಬಾಯಿಬಿಡುವ ತನಕ ಕಾಯಬೇಕಾಯಿತು."