ಮ್ಯಾಂಡೊಲಿನ್ ಹೇಳಿದ ಸಾಕ್ಷಿ

ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಮ್ಯಾಂಡೊಲಿನ್ ಇತ್ತು. ಒಂದು ದಿನ ಅಂಗಡಿಯವನು ಗಿರಾಕಿಯೊಬ್ಬನಿಗೆ ಕೇಳಿಸಲೆಂದು ಹಳ್ಳಿ ಧಾಟಿಯ ಹಾಡೊಂದರ ಗ್ರಾಮಫೋನ್ ತಟ್ಟೆ ಹಾಕಿದ. ಹಾಡು ಮುಗಿಯಿತು. ಮ್ಯಾಂಡೊಲಿನ್ ತಡೆಯಲಾರದೆ ತಟ್ಟೆಗೆ ಹೇಳಿತು: “ಎರಡನೇ ಚರಣಕ್ಕೆ ಮುಂಚೆ ಬರುವ ಆ ದನಿ ನನ್ನದು.”

“ನನ್ನ ಮೇಲಿನ ಚೀಟಿ ಓದು,” ಎಂದಿತು ತಟ್ಟೆ. “ಗಾಯಕರಿದ್ದಾರೆ, ಕವಿಗಳಿದ್ದಾರೆ, ಸಂಗೀತ ನಿರ್ದೇಶಕರಿದ್ದಾರೆ. ನೀನೆಲ್ಲಿದ್ದೀಯೆ?”

“ಗಾಯಕರ ಹಿಂದೆ, ಪರದೆಯ ಆಚೆ. ನುಡಿಸಿದವರು ಅರುಳಪ್ಪನವರು. ರೆಕಾರ್ಡಿಂಗ್ ನಡುವೆ ನನ್ನ ತಂತಿ ಸಡಿಲಾಯಿತು. ನಿಲ್ಲಿಸಿದರೆ ಎಲ್ಲರೂ ಮೊದಲಿಂದ ಶುರುಮಾಡಬೇಕಿತ್ತು. ಅವರು ತಂತಿಯನ್ನು ಬೆರಳಲ್ಲೇ ಜಗ್ಗಿ ಸ್ವರ ಸೇರಿಸಿಬಿಟ್ಟರು. ಒಂದು ಸ್ವರದಿಂದ ಇನ್ನೊಂದಕ್ಕೆ ದನಿ ಜಾರುತ್ತದಲ್ಲ, ಆ ಜಾರು ಹುಟ್ಟಿದ್ದು ಹಾಗೆ.”

“ಜನ ತಲೆದೂಗುವುದು ಅಲ್ಲಿಯೇ,” ಎಂದು ತಟ್ಟೆ ಒಪ್ಪಿಕೊಂಡಿತು. “ಆದರೆ ಚೀಟಿಯಲ್ಲಿ ಇಲ್ಲದವರನ್ನು ಯಾರು ನಂಬುತ್ತಾರೆ? ನುಡಿದು ತೋರಿಸು.”

ಅಷ್ಟರಲ್ಲಿ ಗಿರಾಕಿ ಮ್ಯಾಂಡೊಲಿನ್ನನ್ನು ಎತ್ತಿಕೊಂಡು ಸುಮ್ಮನೆ ತಂತಿ ಮೀಟಿದ. ಅದು ಉಳಿದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ಅಂದಿನ ದನಿಯನ್ನೇ ನುಡಿಯಿತು, ಆ ಜಾರನ್ನೂ ಬಿಡದೆ.

ಗಿರಾಕಿ ಬೆರಗಾದ. “ಅಬ್ಬಾ, ಏನು ನಕಲು ರೀ ಇದು! ಥೇಟ್ ರೆಕಾರ್ಡಿನ ಹಾಗೇ ಬಂತು.”

ಮ್ಯಾಂಡೊಲಿನ್ ತಟ್ಟೆಯ ಕಡೆ ನೋಡಿತು.

“ಆದರೂ ಅಸಲಿನ ಸೊಗಸು ಇದಕ್ಕೆಲ್ಲಿ ಬರಬೇಕು!” ಎನ್ನುತ್ತ ಗಿರಾಕಿ ಮ್ಯಾಂಡೊಲಿನ್ನನ್ನು ಕೆಳಗಿಟ್ಟು, ತಟ್ಟೆಯನ್ನು ಕೊಂಡು ಹೊರಟುಹೋದ.